ರೈಲು ನಿಂತಲ್ಲಿ ಹುಟ್ಟಿದ ವಡೆ: ಬೆಂಗಳೂರು–ಮೈಸೂರು ಹಳೇ ರಸ್ತೆಯ ಹೋಟೆಲು, ಅಂಗಡಿ, ನಿಲುಗಡೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿಂದ ಮೈಸೂರಿಗೆ ಈಗ ಎಷ್ಟು ಹೊತ್ತಿನ ದಾರಿ ಅಂತ ಯಾರನ್ನಾದರೂ ಕೇಳಿ. ‘ಒಂದೂವರೆ ಗಂಟೆ’ ಎಂದು ಥಟ್ಟನೆ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಇರಲಿ, ತಪ್ಪೇನಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಸುಮಾರು 118 ಕಿಲೋಮೀಟರ್ ಉದ್ದ. ನಡುವೆ ಆರು ಪಥ, ಎರಡೂ ಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಓಡುತ್ತದೆ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಇದು. ಆಸ್ಪತ್ರೆಗೆ ಹೋಗುವವರಿಗೆ, ದಿನಾ ಕೆಲಸಕ್ಕೆ ಓಡಾಡುವವರಿಗೆ ದೊಡ್ಡ ಅನುಕೂಲ ಆಗಿದೆ. ಅದನ್ನು ಹೀಗಳೆಯುವುದಕ್ಕೆ ನಾನು ಬಂದಿಲ್ಲ.

ನಾನು ಹೇಳಬೇಕೆಂದುಕೊಂಡಿರುವುದು ಬೇರೆ. ಈ ದಾರಿಯಲ್ಲಿ ನಾವು ಹೆಸರು ಹಿಡಿದು ಹೇಳುವ ತಿಂಡಿ, ಅಂಗಡಿ, ಹೋಟೆಲುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಜನ ಅಲ್ಲಿ ನಿಂತದ್ದರಿಂದ. ಅವರು ಇಷ್ಟಪಟ್ಟು ನಿಂತವರಲ್ಲ, ನಿಲ್ಲಲೇಬೇಕಾಗಿ ಬಂದು ನಿಂತವರು. ಎದುರಿಂದ ಇನ್ನೊಂದು ರೈಲು ಬರುವುದಿತ್ತು. ರೈತನಿಗೆ ರೇಷ್ಮೆ ಗೂಡು ಮಾರಬೇಕಿತ್ತು. ಬಸ್ಸಿನ ಡ್ರೈವರಿಗೆ ಕಾಫಿ ಬೇಕಿತ್ತು. ಆ ನಿಲುಗಡೆ ಎಷ್ಟು ನಿಮಿಷದ್ದು, ದಿನದ ಯಾವ ಹೊತ್ತಿನದು, ನಿಂತವರು ಯಾರು ಎನ್ನುವುದೇ ಅಲ್ಲಿನ ತಿಂಡಿಯ ಆಕಾರ, ರುಚಿ, ಬೆಲೆ ಎಲ್ಲವನ್ನೂ ತೀರ್ಮಾನಿಸಿತು. ಈಗ ಆ ನಿಲುಗಡೆಗಳು ಒಂದೊಂದಾಗಿ ಹೋಗುತ್ತಿವೆ. ತಿಂಡಿ ಉಳಿಯಬೇಕಾದರೆ ಇನ್ನು ನಾವೇ ಬೇಕೆಂದು ನಿಲ್ಲಬೇಕು. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ಊರೂರಿನ ಲೆಕ್ಕ ಕೊಡುತ್ತಾ ಹೋಗುತ್ತೇನೆ.

ಬೆಂಗಳೂರಿನ ಒಳಗಿನ ಹೋಟೆಲುಗಳನ್ನು ಇವತ್ತು ಬಿಟ್ಟುಬಿಡುತ್ತೇನೆ. 1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನ ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅವು ಬಡಾವಣೆಯ ಹೋಟೆಲುಗಳು. ಇವತ್ತು ತಿಂದವನು ನಾಳೆಯೂ ಬರುತ್ತಾನೆ, ಮಾಣಿಗೂ ಅವನಿಗೂ ಮಾತಿನ ಸಲಿಗೆ ಬೆಳೆಯುತ್ತದೆ. ರಸ್ತೆ ಬದಿಯ ಹೋಟೆಲಿನ ಕಥೆ ಹಾಗಲ್ಲ. ಅಲ್ಲಿಗೆ ಬರುವವನು ಅಪರಿಚಿತ. ಮತ್ತೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಕೆಟ್ಟದಾಗಿ ಕೊಟ್ಟರೂ ಅವತ್ತಿನ ದುಡ್ಡು ಬಂದೇ ಬರುತ್ತದೆ. ಅಂಥ ಜಾಗದಲ್ಲಿ ಕುಳಿತು, ವರ್ಷಗಟ್ಟಲೆ ಚೆನ್ನಾಗಿಯೇ ಕೊಟ್ಟು, ಊರಿನ ಹೆಸರನ್ನೇ ತಿಂಡಿಗೆ ಅಂಟಿಸಿದವರು ಇದ್ದಾರಲ್ಲ, ಅವರ ಬಗ್ಗೆ ನನಗೆ ತುಂಬಾ ಗೌರವ.

ಮೊದಲು ಬಿಡದಿ. ಬಿಡದಿ ಎಂದರೆ ತಟ್ಟೆ ಇಡ್ಲಿ. ತುಮಕೂರಿನವರು ಯಾರಾದರೂ ಇಲ್ಲಿದ್ದರೆ ಈಗಲೇ ಕೈ ಎತ್ತುತ್ತಾರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಮರೆತಿರಾ ಅಂತ. ಮರೆತಿಲ್ಲ. ಅದು ಪುಣೆ ರಸ್ತೆಯ ತಟ್ಟೆ ಇಡ್ಲಿ, ಇದು ಮೈಸೂರು ರಸ್ತೆಯದು. ಎರಡೂ ಹೆದ್ದಾರಿಯ ಮೇಲೆಯೇ ಹೆಸರು ಮಾಡಿದವು ಅನ್ನುವುದನ್ನು ಗಮನಿಸಿ. ಸಣ್ಣ ಇಡ್ಲಿಯಾದರೆ ನಾಲ್ಕು ತಿನ್ನಬೇಕು, ಎರಡು ಸಲ ಚಟ್ನಿ ಹಾಕಿಸಿಕೊಳ್ಳಬೇಕು. ತಟ್ಟೆ ಇಡ್ಲಿ ಒಂದು ಬಿದ್ದರೆ ಹಸಿವು ಅಡಗಿತು, ಎರಡು ಬಿದ್ದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸುವುದರಿಂದ ಅಷ್ಟು ಅಗಲ ಇದ್ದರೂ ಮೃದುವಾಗಿರುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡನ್ನು ಹಬೆಯಿಂದ ಹೊರಗೆ ಎಳೆದ ತಕ್ಷಣ ಬಡಿಸಬೇಕು. ಮೇಲೆ ಬೆಣ್ಣೆ ಇಟ್ಟರೆ ಅದು ಕೂತಲ್ಲೇ ಕರಗಿ, ಇಡ್ಲಿಯ ಸಣ್ಣ ಸಣ್ಣ ತೂತುಗಳೊಳಗೆ ಇಳಿದುಬಿಡಬೇಕು. ಇಳಿಯದೆ ಮೇಲೆಯೇ ಕೂತಿದ್ದರೆ ಆ ಇಡ್ಲಿ ಆಗಲೇ ಆರಿದೆ ಅಂತ ಅರ್ಥ. ಬಿಡದಿಗೆ ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಮೇಲೆ ಹೋಗಿ ಚೆನ್ನಾಗಿಲ್ಲ ಅಂದರೆ ಅದು ಇಡ್ಲಿಯ ತಪ್ಪಲ್ಲ.

ಮುಂದೆ ರಾಮನಗರ. ಇಲ್ಲಿ ಎಲ್ಲರೂ ತೋರಿಸುವುದು ರಾಮದೇವರ ಬೆಟ್ಟ, ಎಲ್ಲರೂ ಹೇಳುವುದು ‘ಶೋಲೆ’. 1975ರಲ್ಲಿ ತೆರೆಗೆ ಬಂದ ಆ ಸಿನಿಮಾದ ಊರನ್ನು ಈ ಬಂಡೆಗಳ ಬುಡದಲ್ಲೇ ಕಟ್ಟಿದ್ದರು. ಬೆಟ್ಟಕ್ಕೆ ಹೋಗಿ, ಆದರೆ ಸಿನಿಮಾಕ್ಕಿಂತ ಮುಖ್ಯವಾದದ್ದು ಅಲ್ಲಿದೆ. ಆ ಬಂಡೆಗಳ ಸಂದಿಯಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದುಗಳ ಅಭಯಧಾಮ ಎಂದು ಘೋಷಿಸಿದರು. ಹಾಗಾಗಿ ಅಲ್ಲಿ ಡೈಲಾಗ್ ಹೊಡೆದು ಕೂಗಾಡುವುದು ಬೇಡ.

ನಾನು ರಾಮನಗರದಲ್ಲಿ ನಿಲ್ಲಿ ಎಂದು ಹೇಳುವುದು ಬೆಟ್ಟಕ್ಕಿಂತ ಹೆಚ್ಚಾಗಿ ಊರೊಳಗಿನ ರೇಷ್ಮೆ ಗೂಡಿನ ಮಾರುಕಟ್ಟೆಗೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರಾದದ್ದು ಇದು. ಹತ್ತಿರ ಹೋಗುತ್ತಿದ್ದ ಹಾಗೆ ಮೂಗಿಗೆ ಗೊತ್ತಾಗುತ್ತದೆ. ಹುಳುವಿನ ಒಂದು ಥರದ ಹಸಿ ವಾಸನೆ. ಮೊದಲ ಐದು ನಿಮಿಷ ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ. ಒಳಗೆ ಉದ್ದುದ್ದ ಸಾಲಾಗಿ ಗೂಡು ಸುರಿದಿರುತ್ತಾರೆ. ಒಂದು ಕಡೆ ಬೆಳ್ಳಗಿನ ದ್ವಿತಳಿ ಗೂಡು, ಇನ್ನೊಂದು ಕಡೆ ಹಳದಿ ಬಣ್ಣದ ಮಿಶ್ರತಳಿ ಗೂಡು. ಕೊಳ್ಳಲು ಬಂದ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವನು, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಮೇಲೆ ಒಳ್ಳೆಯದು, ಕೆಳಗೆ ಜೊಳ್ಳು ಇರಬಾರದಲ್ಲ. ಬೆರಳಲ್ಲಿ ಒತ್ತಿ ನೋಡುತ್ತಾನೆ. ಆಮೇಲೆ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಹುಳು ಕೋಶವಾಗಿ ಗಟ್ಟಿಯಾಗಿದ್ದರೆ ಲೊಟಲೊಟ ಸದ್ದು. ಆ ಸದ್ದಿನ ಮೇಲೆ ಒಂದು ಮನೆಯ ಒಂದು ಬೆಳೆಯ ಬೆಲೆ ನಿಂತಿರುತ್ತದೆ. ಒಳ್ಳೆಯ ದ್ವಿತಳಿ ಗೂಡಿನಿಂದ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಬರುತ್ತದೆ. ಮೊದಲು ಹರಾಜು ಕೂಗಿ ಮಾರುತ್ತಿದ್ದರು. ಈಗ ಇ-ಹರಾಜು ಬಂದಿದೆ, ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಆದರೆ ಕಿವಿಯ ಹತ್ತಿರ ಅಲ್ಲಾಡಿಸುವುದು ಮಾತ್ರ ಬದಲಾಗಿಲ್ಲ.

ಇಲ್ಲಿಗೂ ತಿಂಡಿಗೂ ಏನು ಸಂಬಂಧ ಅಂತ ಕೇಳಬಹುದು. ಗೂಡು ಬಿಡಿಸಿದ ಮೇಲೆ ರೈತ ಕಾಯುವ ಹಾಗಿಲ್ಲ. ಹೆಚ್ಚು ದಿನ ಇಟ್ಟರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಎಳೆ ತುಂಡಾಗುತ್ತದೆ, ಬೆಲೆ ಹೋಗುತ್ತದೆ. ಅದಕ್ಕೇ ದೂರದ ಊರುಗಳಿಂದ, ಆಂಧ್ರ, ತಮಿಳುನಾಡಿನಿಂದಲೂ, ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ಇಲ್ಲಿಗೆ ಮುಟ್ಟುತ್ತಾರೆ. ನಿದ್ದೆಗೆಟ್ಟ, ಹಸಿದ, ಜೇಬಲ್ಲಿ ಇನ್ನೂ ದುಡ್ಡು ಬೀಳದ ಜನ. ಮಾರುಕಟ್ಟೆಯ ಸುತ್ತಲಿನ ಸಣ್ಣ ಹೋಟೆಲುಗಳು ಇವರಿಗಾಗಿ ಬೇಗ ಒಲೆ ಹಚ್ಚುತ್ತವೆ. ಅಲ್ಲಿ ಮೆನು ಕಾರ್ಡು ಇಲ್ಲ, ಕೂರಲು ಮೆತ್ತನೆಯ ಕುರ್ಚಿ ಇಲ್ಲ. ಬಿಸಿ ಇಡ್ಲಿ, ಚಿತ್ರಾನ್ನ, ಖಾರದ ಚಟ್ನಿ, ಲೋಟದ ತುಂಬ ಟೀ. ಬಿಲ್ಲು ನೋಡಿ ಹೆದರುವ ಹಾಗೂ ಇಲ್ಲ. ಒಂದು ಬೆಳಿಗ್ಗೆ ಅಲ್ಲಿ ರೈತರ ಪಕ್ಕ ನಿಂತು ತಿಂಡಿ ತಿನ್ನಿ. ಮಾರುಕಟ್ಟೆ ನೋಡುವ ಮನಸ್ಸಿದ್ದರೆ ಒಳಗಿನವರನ್ನು ಕೇಳಿ ಹೋಗಿ. ಅವರು ವ್ಯಾಪಾರದಲ್ಲಿರುತ್ತಾರೆ, ಫೋಟೊಗೆ ನಿಲ್ಲಿಸಿ ತೊಂದರೆ ಕೊಡಬೇಡಿ.

ರಾಮನಗರ ದಾಟಿದ ಮೇಲೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ನಿವೃತ್ತಿಯಾದ ಮೇಲೆ ಊರೂರು ಸುತ್ತಿ ಕಲೆಹಾಕಿದ ಹಾಡು, ಮಡಕೆ, ನೇಗಿಲು, ಗೊಂಬೆ, ವಾದ್ಯಗಳಿಗೆಲ್ಲ ಹೆದ್ದಾರಿಯ ಬದಿಯಲ್ಲೇ ಒಂದು ಮನೆ ಮಾಡಿದರು. 15 ಎಕರೆ ಜಾಗ, 1994ರಿಂದ ತೆರೆದಿದೆ. ಪಕ್ಕದಲ್ಲೇ ಕಾಮತ್ ಲೋಕರುಚಿ ಹೋಟೆಲು. ಹಳೇ ಮೈಸೂರಿನ ಮಧ್ಯದಲ್ಲಿ ಕೂತು ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮಾಡುವುದು ಇಲ್ಲಿ ಸಾಧ್ಯ. ಬಹಳ ಜನ ಊಟ ಮುಗಿಸಿ ಹಾಗೇ ಕಾರು ಹತ್ತಿ ಹೊರಟುಬಿಡುತ್ತಾರೆ. ನನಗೆ ಅದು ನಿಜವಾಗಿ ಬೇಸರ ತರುತ್ತದೆ. ಅರ್ಧ ಗಂಟೆ ಒಳಗೆ ಹೋಗಿ ಬನ್ನಿ. ನಿಮ್ಮ ಅಜ್ಜಿ ಬಳಸುತ್ತಿದ್ದ ಬೀಸುವ ಕಲ್ಲು, ಒನಕೆ, ಕೊಡ ಅಲ್ಲಿವೆ. ಮಕ್ಕಳಿಗೆ ಕೈಯಿಟ್ಟು ತೋರಿಸಿ ಹೇಳಬಹುದು.

ಚನ್ನಪಟ್ಟಣಕ್ಕೆ ಬರೋಣ. ಬೊಂಬೆಗಳ ಊರು. ಟಿಪ್ಪು ಸುಲ್ತಾನ್ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರು ಎಂದು ಊರಲ್ಲಿ ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾನ್ ಎನ್ನುವವರು ಜಪಾನಿನ ರೀತಿಯ ಕೆಲಸವನ್ನು ಇಲ್ಲಿಗೆ ತಂದರು. ಇದೆಲ್ಲ ನಿಮಗೆ ಗೊತ್ತಿರಬಹುದು. ಆದರೆ ಬಣ್ಣ ಹತ್ತುವುದು ಹೇಗೆ ಅಂತ ನೋಡಿದ್ದೀರಾ? ನೋಡಿಲ್ಲದಿದ್ದರೆ ಅದೊಂದಕ್ಕೇ ನಿಲ್ಲಬೇಕು.

ಆಲೆ ಮರದ ಒಣಗಿದ ತುಂಡನ್ನು ಲೇತಿಗೆ, ಅಂದರೆ ಮರ ತಿರುಗಿಸುವ ಯಂತ್ರಕ್ಕೆ, ಸಿಕ್ಕಿಸುತ್ತಾರೆ. ಮರ ತಿರುಗುತ್ತಿರುವಾಗ ಉಳಿ ಹಿಡಿದು ಕಡೆಯುತ್ತಾರೆ. ಬೆಳ್ಳನೆಯ ಹೊಟ್ಟು ಸುರುಳಿ ಸುರುಳಿಯಾಗಿ ಮೈಮೇಲೆಲ್ಲ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬ್ರಷ್ ಇಲ್ಲ, ಡಬ್ಬಿ ಇಲ್ಲ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಮಂಕಾಗಿ, ಗಂಟುಗಂಟಾಗಿ ಕಾಣುತ್ತದೆ. ಆಗ ಒಂದು ತುಂಡು ತಾಳೆಗರಿ ತೆಗೆದು ಒತ್ತುತ್ತಾರೆ. ಅಷ್ಟೇ, ಕಣ್ಣೆದುರಿಗೇ ಹೊಳಪು ಬರುತ್ತದೆ. ಒಂದು ಬುಗುರಿ ಆಗುವುದಕ್ಕೆ ಕೆಲವೇ ನಿಮಿಷ. ಆ ಕೆಲವು ನಿಮಿಷದ ಹಿಂದೆ ಮರ ತಿಂಗಳುಗಟ್ಟಲೆ ಒಣಗಿದೆ, ಕೈ ವರ್ಷಗಟ್ಟಲೆ ಪಳಗಿದೆ.

ಹಳೇ ರಸ್ತೆಯ ಎರಡೂ ಬದಿಯಲ್ಲಿ ಸಾಲು ಸಾಲು ಬೊಂಬೆ ಅಂಗಡಿಗಳಿದ್ದವು, ಈಗಲೂ ಇವೆ. ಮೈಸೂರಿಗೆ ಹೋಗುವ ಕಾರಿನಲ್ಲಿ ಮಗು ಹಟ ಹಿಡಿದರೆ ಸಾಕು, ಗಾಡಿ ನಿಲ್ಲುತ್ತಿತ್ತು. ಆ ವ್ಯಾಪಾರ ನಡೆಯುತ್ತಿದ್ದದ್ದೇ ಕಾರಿನ ಕಿಟಕಿಯಿಂದ ಕುದುರೆ ಕಂಡದ್ದರಿಂದ. ಬೈಪಾಸಿನಿಂದ ಏನು ಕಾಣುತ್ತದೆ? ಏನೂ ಕಾಣುವುದಿಲ್ಲ. ಬೈಪಾಸ್ ಬಂದ ಮೇಲೆ ವ್ಯಾಪಾರ ಬಿದ್ದುಹೋಗಿದೆ ಎಂದು ಅಂಗಡಿಯವರು ಹೇಳುತ್ತಲೇ ಇದ್ದಾರೆ. ಇದು ಬರೀ ಅಂಗಡಿಯವರ ನಷ್ಟ ಅಲ್ಲ. ಅಂಗಡಿಯ ಹಿಂದೆ ಕಲಾನಗರದಂಥ ಕಡೆ ಲೇತ್ ಓಡಿಸುವವರಿದ್ದಾರೆ, ಮರ ಕೊಯ್ಯುವವರಿದ್ದಾರೆ, ಮನೆಯಲ್ಲಿ ಕೂತು ಕಣ್ಣು ಮೂಗು ಬರೆಯುವ ಹೆಣ್ಣುಮಕ್ಕಳಿದ್ದಾರೆ. ಬೊಂಬೆಗೆ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ಸಿಕ್ಕಿರುವುದು ಸಂತೋಷದ ವಿಷಯ. ಆದರೆ ಕೊಳ್ಳುವವನು ಕಣ್ಣಿಗೆ ಬೀಳದಿದ್ದರೆ ಮಾನ್ಯತೆಯನ್ನು ಇಟ್ಟುಕೊಂಡು ಏನು ಮಾಡುವುದು, ಅಲ್ವಾ?

ಚನ್ನಪಟ್ಟಣ ಬಿಟ್ಟ ಕೂಡಲೇ ದೊಡ್ಡಮಳೂರು. ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲಿಡುವ ಕೃಷ್ಣ ಇದ್ದಾನೆ. ಪುರಂದರದಾಸರು ‘ಜಗದೋದ್ಧಾರನ ಆಡಿಸಿದಳೆಶೋದೆ’ ಹಾಡಿದ್ದು ಇಲ್ಲೇ ಎಂದು ಭಕ್ತರು ನಂಬುತ್ತಾರೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ದೇವರ ಮೇಲೆ ಭಕ್ತಿ ಇರಲಿ, ಇಲ್ಲದಿರಲಿ, ಆ ತೊಟ್ಟಿಲುಗಳ ಮುಂದೆ ಒಂದು ನಿಮಿಷ ನಿಂತರೆ ಎಷ್ಟು ಮನೆಗಳ ಆಸೆ ಅಲ್ಲಿದೆ ಅಂತ ಗೊತ್ತಾಗುತ್ತದೆ.

ಈಗ ಮದ್ದೂರು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನನ್ನ ಮಾತಿನ ತಿರುಳೇ ಇಲ್ಲಿದೆ.

ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಒಂಟಿ ಹಳಿ. ಒಂಟಿ ಹಳಿಯ ಮೇಲೆ ಎರಡು ರೈಲು ಎದುರಾಗುವ ಹಾಗಿಲ್ಲ. ಒಂದು ಯಾವುದಾದರೂ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಅದನ್ನೇ ಜನ ‘ಕ್ರಾಸಿಂಗ್’ ಅನ್ನುತ್ತಾರೆ. ಉಗಿಬಂಡಿಯ ಕಾಲದಲ್ಲಿ ದಾರಿಯಲ್ಲಿ ಎಂಜಿನ್ನಿಗೆ ನೀರೂ ತುಂಬಿಸಿಕೊಳ್ಳಬೇಕಿತ್ತು. ಹೀಗೆ ನಿಂತ ರೈಲಿನಲ್ಲಿ ನೂರಾರು ಜನ ಹಸಿದು ಕೂತಿರುತ್ತಾರೆ. ಇಳಿಯಲು ಭಯ, ರೈಲು ಯಾವಾಗ ಹೊರಡುತ್ತದೋ. ಇಳಿಯದಿದ್ದರೆ ಹಸಿವು.

1917ರಲ್ಲಿ ರಾಮಚಂದ್ರ ಬುಧ್ಯ ಎನ್ನುವವರು ಮದ್ದೂರು ಸ್ಟೇಷನ್ನಿನಲ್ಲಿ ಮದ್ದೂರು ವಡೆ ಶುರು ಮಾಡಿದರು ಎಂದು ಹೇಳುತ್ತಾರೆ. ಅವರು ಪಕೋಡ ಮಾಡಿ ಮಾರುತ್ತಿದ್ದರಂತೆ. ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಪಕೋಡ ಬೇಯಲು ಸಮಯ ಇಲ್ಲ. ಹಿಟ್ಟನ್ನು ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ಟರಂತೆ. ಜನಕ್ಕೆ ಅದೇ ಹಿಡಿಸಿತು.

ಈ ಕಥೆಯನ್ನು ನಾನು ಯಾಕೆ ಇಷ್ಟಪಡುತ್ತೇನೆ ಅಂದರೆ, ವಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದೂ ಇದೇ ಕಥೆ ಹೇಳುತ್ತದೆ. ಉದ್ದಿನ ವಡೆ ಮಾಡಬೇಕಾದರೆ ಬೇಳೆ ನೆನೆಸಬೇಕು, ರುಬ್ಬಬೇಕು, ಬಿಸಿ ಇರುವಾಗಲೇ ತಿನ್ನಬೇಕು, ಜೊತೆಗೆ ಸಾಂಬಾರು ಬೇಕು, ಸಾಂಬಾರಿಗೆ ಬಟ್ಟಲು ಬೇಕು. ನಿಂತ ರೈಲಿನ ಕಿಟಕಿಗೆ ಇದ್ಯಾವುದೂ ಆಗಿಬರುವುದಿಲ್ಲ. ಮದ್ದೂರು ವಡೆಗೆ ನೆನೆಸುವುದೂ ಇಲ್ಲ, ರುಬ್ಬುವುದೂ ಇಲ್ಲ. ಮೈದಾ, ಅಕ್ಕಿ ಹಿಟ್ಟು, ಸಣ್ಣ ರವೆ. ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು. ಮೊದಲು ಈರುಳ್ಳಿಯನ್ನು ಉಪ್ಪಿನ ಜೊತೆ ಚೆನ್ನಾಗಿ ಹಿಸುಕಬೇಕು, ನೀರು ಬಿಡಬೇಕು. ಹಿಟ್ಟಿಗೆ ಬಿಸಿ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕಿ ಉಜ್ಜಬೇಕು, ಗರಿಗರಿ ಬರುವುದು ಅದರಿಂದಲೇ. ಆಮೇಲೆ ನೀರು ಚಿಮುಕಿಸಿದರೆ ಸಾಕು, ಸುರಿಯಬಾರದು. ಅಂಗೈಯಗಲ ತಟ್ಟಿ, ಹದವಾದ ಉರಿಯಲ್ಲಿ ಕೆಂಪಗೆ ಕರಿಯಬೇಕು. ತೆಳ್ಳಗಿರುವುದರಿಂದ ನಡುವಿನವರೆಗೆ ಬೇಯುತ್ತದೆ. ಒಣಗಿರುವುದರಿಂದ ಕಾಗದದ ಚೂರಿನಲ್ಲಿ ಕೊಡಬಹುದು. ಆರಿದರೂ ತಿನ್ನಬಹುದು, ನಾಳೆಗೂ ಇಡಬಹುದು. ಚಟ್ನಿ ಇದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ. ರೈಲು ನಿಲ್ಲುವ ಕೆಲವು ನಿಮಿಷ, ಕಿಟಕಿಯ ಕಂಬಿ, ಚಾಚಿದ ಒಂದು ಕೈ, ಇಷ್ಟಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ ಈ ವಡೆ.

ಮುಂದೆ ವಡೆ ಹಳಿಯಿಂದ ಹೆದ್ದಾರಿಗೆ ಬಂತು. ಮದ್ದೂರು ಟಿಫಾನೀಸ್ ಹೋಟೆಲು ಎಂದರೆ ಮೈಸೂರು ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ರಸ್ತೆಯಲ್ಲಿ ನಿಲುಗಡೆ ಸ್ವಲ್ಪ ಉದ್ದ. ಕೂತು ತಿನ್ನಬಹುದು, ತೆಂಗಿನಕಾಯಿ ಚಟ್ನಿ ಹಾಕಿಸಿಕೊಳ್ಳಬಹುದು, ಕಾಫಿ ಕುಡಿದು ಮನೆಗೆ ಒಂದು ಪೊಟ್ಟಣ ಕಟ್ಟಿಸಬಹುದು. ಹಾಗಾಗಿ ರಸ್ತೆಯ ವಡೆ ಸ್ವಲ್ಪ ದಪ್ಪ, ಸ್ವಲ್ಪ ಮೆತ್ತಗೆ ಆಯಿತು ಅನ್ನುವುದು ನನ್ನ ನಾಲಿಗೆಯ ಅಭಿಪ್ರಾಯ. ಒಪ್ಪದವರು ಎರಡನ್ನೂ ಒಂದೇ ದಿನ ತಿಂದು ನೋಡಿ.

ರೈಲಿನ ಕಡೆ ಏನಾಯಿತು ಎನ್ನುವುದಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಈ ಇಡೀ ದಾರಿಯ ಅತಿ ವಿಚಿತ್ರವಾದ ಜಾಗ ಅಲ್ಲಿದೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ರಂಗನಾಥಸ್ವಾಮಿ ದೇವಸ್ಥಾನ ಎಲ್ಲರೂ ನೋಡುತ್ತಾರೆ. ಯಾರೂ ನಿಲ್ಲದ ಒಂದು ಪುಟ್ಟ ಇಟ್ಟಿಗೆ ಕಟ್ಟಡ ಇದೆ, ಟಿಪ್ಪು ಕಾಲದಲ್ಲಿ ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆ. ಬೆಂಗಳೂರು–ಮೈಸೂರು ಜೋಡಿ ಹಳಿಯ ಕೆಲಸ ನಡೆಯುತ್ತಾ ಬಂದಾಗ ಈ ಮದ್ದಿನ ಮನೆ ಹಳಿಯ ದಾರಿಗೆ ಅಡ್ಡ ಕೂತಿತ್ತು. ಸಂರಕ್ಷಿತ ಸ್ಮಾರಕ, ಒಡೆಯುವ ಹಾಗಿಲ್ಲ. ವರ್ಷಗಟ್ಟಲೆ ಕೆಲಸ ನಿಂತಿತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಒಂದು ಇಟ್ಟಿಗೆ ಬಿಚ್ಚದೆ, ನೂರು ಮೀಟರಿಗೂ ದೂರ ಸರಿಸಿ ಕೂರಿಸಿದರು. ಅದರ ಜಾಗದಲ್ಲಿ ಎರಡನೇ ಹಳಿ ಹೋಯಿತು.

ಎರಡು ಹಳಿ ಬಂದ ಮೇಲೆ ರೈಲು ಯಾರಿಗೂ ಕಾಯಬೇಕಾಗಿಲ್ಲ. ಕ್ರಾಸಿಂಗ್ ಇಲ್ಲ. ಪ್ರಯಾಣಿಕನಿಗೆ ಒಳ್ಳೆಯದೇ. ಆದರೆ ಕ್ರಾಸಿಂಗ್ ಇದ್ದ ಹೊತ್ತಿನಲ್ಲಿ ಕಿಟಕಿಯಿಂದ ಕಿಟಕಿಗೆ ಓಡಿ ವಡೆ ಮಾರುತ್ತಿದ್ದವನಿಗೆ ಆ ಕೆಲವು ನಿಮಿಷವೇ ಅಂಗಡಿ, ಆ ಕೆಲವು ನಿಮಿಷವೇ ಸಂಬಳ. ಈಗಲೂ ಪ್ಯಾಸೆಂಜರ್ ರೈಲಿನಲ್ಲಿ ‘ವಡೇ ವಡೇ ಮದ್ದೂರ್ ವಡೇ’ ಎಂದು ಬುಟ್ಟಿ ಹೊತ್ತು ಬರುವವರಿದ್ದಾರೆ. ಅವರಿಂದ ಕೊಳ್ಳಿ. ಹಳಿಯಲ್ಲಿ ಮೊದಲು ಆದದ್ದೇ ಈಗ ರಸ್ತೆಯಲ್ಲಿ ಆಗುತ್ತಿದೆ ಅಂತ ನಿಮಗೆ ಈಗ ಅನ್ನಿಸಿರಬಹುದು.

ಮದ್ದೂರು ಬಿಡುವ ಮುಂಚೆ ಇನ್ನೊಂದೆರಡು ಮಾತು. ಅಲ್ಲಿನ ಎಳನೀರು ಮಾರುಕಟ್ಟೆ ದೊಡ್ಡದು. ಮುಂಬೈ, ದಿಲ್ಲಿಗೆ ಹೋಗುವ ಲಾರಿಗಳು ಅಲ್ಲಿ ತುಂಬುತ್ತವೆ. ಊರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನ ಅಲ್ಲಿ ನಡೆಸಿ, ನಿಷೇಧ ಮುರಿದು ಬಾವುಟ ಹಾರಿಸಿತು. ವಡೆ ತಿನ್ನಲು ನಿಲ್ಲುವ ನಾವು ಅದರ ಮುಂದೆ ಯಾಕೆ ನಿಲ್ಲುವುದಿಲ್ಲ ಅಂತ ನನಗೆ ಯಾವಾಗಲೂ ಕೊರಗು. ಇನ್ನು, ಸಮಯ ಇದ್ದವರು ಹೆದ್ದಾರಿ ಬಿಟ್ಟು ಕೊಕ್ಕರೆ ಬೆಳ್ಳೂರಿಗೆ ಹೋಗಿ. ಡಿಸೆಂಬರಿಂದ ಬೇಸಿಗೆಯವರೆಗೆ ಅಲ್ಲಿ ಮನೆಗಳ ನಡುವಿನ ಹುಣಸೆ ಮರದಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಮರಿ ಮಾಡುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ.

ಮಂಡ್ಯದಲ್ಲಿ ಊರಿಗಿಂತ ಊರಾಚೆಯ ಆಲೆಮನೆ, ಅಂದರೆ ಬೆಲ್ಲ ಮಾಡುವ ಜಾಗ, ನೋಡಿ. ಕನ್ನಂಬಾಡಿ ಕಟ್ಟೆಯ ನೀರು ಬಂದು, 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, ಈ ಸೀಮೆಯೆಲ್ಲ ಕಬ್ಬಿನ ಗದ್ದೆಯಾಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬರುತ್ತದೆ. ಗಾಣದಿಂದ ಕಬ್ಬಿನ ಹಾಲು ಬಂದು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಕಬ್ಬಿನ ಒಣ ಸಿಪ್ಪೆಯೇ ಸೌದೆ. ಸುಣ್ಣ ಹಾಕಿ, ಮೇಲೆ ಬರುವ ಕೊಳೆಯನ್ನು ಜಾಲರಿಯಲ್ಲಿ ತೆಗೆಯುತ್ತಾ ಹೋಗುತ್ತಾರೆ. ಪಾಕ ಬಂತೋ ಇಲ್ಲವೋ ಅಂತ ನೋಡುವವನು ಒಬ್ಬನೇ. ಅವನು ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಹಿಸುಕಿ, ‘ಇಳಿಸಿ’ ಅಂದ ಮೇಲೆಯೇ ಕೊಪ್ಪರಿಗೆ ಇಳಿಯುತ್ತದೆ. ಒಂದು ನಿಮಿಷ ತಡವಾದರೆ ಇಡೀ ಪಾಕ ಸೀದು ಹೋಗುತ್ತದೆ. ಕೇಳಿದರೆ ಒಂದು ಲೋಟ ಕಬ್ಬಿನ ಹಾಲು, ಬಿಸಿ ಬೆಲ್ಲದ ಒಂದು ಉಂಡೆ ಕೊಟ್ಟಾರು. ಬೆಲ್ಲ ಕೊಳ್ಳುವುದಾದರೆ ತುಂಬಾ ಬೆಳ್ಳಗೆ ಹೊಳೆಯುವುದನ್ನು ಬಿಡಿ, ಆ ಬಣ್ಣ ಬರುವುದು ರಾಸಾಯನಿಕದಿಂದ. ಕಂದು ಬಣ್ಣದ್ದನ್ನೇ ತೆಗೆದುಕೊಳ್ಳಿ.

ಮೈಸೂರು ಮುಟ್ಟಿದ ಮೇಲೆ ನಜರಬಾದಿನ ವಿನಾಯಕ ಮೈಲಾರಿ. 1938ರಿಂದ ಇದೆ. ಹೆಸರು ಒಂದೇ ಥರ ಇರುವ ಎರಡು ಹೋಟೆಲು ಅಕ್ಕಪಕ್ಕದಲ್ಲೇ ಇವೆ, ಎರಡಕ್ಕೂ ಅದರದೇ ಅಭಿಮಾನಿಗಳು. ಒಳಗೆ ಜಾಗ ಕಡಿಮೆ, ತಿಂಡಿಯ ಪಟ್ಟಿ ಅದಕ್ಕಿಂತ ಕಡಿಮೆ. ದೋಸೆ ಗರಿಗರಿ ಇರುವುದಿಲ್ಲ, ಬಾಯಲ್ಲಿ ಇಟ್ಟರೆ ಕರಗುವಷ್ಟು ಮೆತ್ತಗೆ. ಮಡಿಕೆಯೊಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಮಾಂಸ ತಿನ್ನುವವರಿಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್ ಇದೆ. ಅದೂ ಹಳೆಯ ಹೆಸರೇ.

ಕೊನೆಗೆ ಒಂದು ಬೇಡಿಕೆ. ಹೆದ್ದಾರಿ ಕಟ್ಟಿದವರಿಗೂ, ನಡೆಸುವವರಿಗೂ. ಹೊರಹೋಗುವ ದಾರಿಗಳ ಹತ್ತಿರ ಊರಿನ ಹೆಸರಿನ ಜೊತೆ ಅಲ್ಲಿ ಏನು ಸಿಗುತ್ತದೆ ಅಂತಲೂ ದೊಡ್ಡ ಫಲಕ ಹಾಕಿ. ಚನ್ನಪಟ್ಟಣದ ಬೊಂಬೆ, ರಾಮನಗರದ ಗೂಡು, ಮದ್ದೂರಿನ ವಡೆ. ದಾರಿಯಲ್ಲಿ ಕಟ್ಟುವ ವಿಶ್ರಾಂತಿ ತಾಣಗಳಲ್ಲಿ ಈ ಊರಿನ ಕೈಗಳಿಗೇ ಮಳಿಗೆ ಕೊಡಿ, ಅವರಿಗೆ ಕಟ್ಟಲು ಆಗುವಂಥ ಬಾಡಿಗೆಗೆ ಕೊಡಿ. ಇದೇನು ಉಪಕಾರ ಅಲ್ಲ. ರಸ್ತೆಗೆ ಜಾಗ ಬಿಟ್ಟುಕೊಟ್ಟದ್ದು ಈ ಊರುಗಳೇ.

ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬರು ಕೇಳಿದರು: ‘ಸರ್, ನಮಗೆ ಸಿಗೋದು ಒಂದೇ ದಿನ. ಇಷ್ಟೆಲ್ಲ ಕಡೆ ನಿಲ್ಲೋಕೆ ಆಗಲ್ಲ. ಏನು ಮಾಡೋಣ?’ ಒಳ್ಳೆಯ ಪ್ರಶ್ನೆ. ಹೋಗುವಾಗ ಹಳೇ ರಸ್ತೆ, ಬರುವಾಗ ಹೊಸ ರಸ್ತೆ ಹಿಡಿಯಿರಿ. ಬೈಕಿನವರಿಗೆ ಆಯ್ಕೆಯೇ ಇಲ್ಲ. 2023ರ ಆಗಸ್ಟಿನಿಂದ ನಡುವಿನ ಪಥಗಳಿಗೆ ಬೈಕು, ಆಟೊ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆರು ಗಂಟೆಗೆ ಬೆಂಗಳೂರು ಬಿಟ್ಟರೆ ಬಿಡದಿಯಲ್ಲಿ ಇಡ್ಲಿ ಬಿಸಿಯಾಗಿ ಸಿಗುತ್ತದೆ, ರಾಮನಗರದಲ್ಲಿ ಗೂಡಿನ ವ್ಯಾಪಾರ ನೋಡಬಹುದು. ಹತ್ತೂವರೆಗೆ ಚನ್ನಪಟ್ಟಣ. ಮದ್ದೂರಿನಲ್ಲಿ ವಡೆ, ಕಾಫಿ. ಮಧ್ಯಾಹ್ನದ ಊಟಕ್ಕೆ ಮೈಸೂರು. ಬೊಂಬೆ ಮಾಡುವುದನ್ನು ನೋಡಬೇಕು ಅಂದರೆ ಭಾನುವಾರ, ಹಬ್ಬದ ದಿನ ಬಿಟ್ಟು ಹೋಗಿ. ಅಂಗಡಿಯವರನ್ನೇ ಲೇತ್ ಎಲ್ಲಿದೆ ಅಂತ ಕೇಳಿ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ನೋಡಿ ಆದ ಮೇಲೆ ಒಂದು ಬುಗುರಿಯನ್ನಾದರೂ ಚೌಕಾಸಿ ಮಾಡದೆ ಕೊಳ್ಳಿ.